ಗಾಳಿಗೆ ಅಡ್ಡ ನಿಲ್ಲುವ ಕ್ರೋಶ ಕೋಟು

ಪ್ರಶ್ನೆ: ಶಾಲು, ಟೋಪಿ, ಮಕ್ಕಳ ಸ್ವೆಟರ್ ಹಾಕಿ ರೂಢಿಯಿದೆ. ಈಗ ತೊಡೆಯವರೆಗೆ ಬರುವ, ಮುಂದೆ ಗುಂಡಿ ಇರುವ ಕೋಟು ಹಾಕುವ ಆಸೆ. ಎದೆ ಸುತ್ತಳತೆ 38 ಇಂಚು. ಎಷ್ಟು ಚೈನ್‌ನಿಂದ ಶುರು ಮಾಡಲಿ, ಎಷ್ಟು ಉಲ್ಲನ್ ತರಲಿ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಚೈನ್ ಲೆಕ್ಕ ನಿಮ್ಮ ಕೈ ಹೇಳಬೇಕು, ನಾವಲ್ಲ. ಸ್ವಲ್ಪ ದಪ್ಪನೆಯ ಉಲ್ಲನ್‌ನ ಒಂದೇ ಒಂದು ಉಂಡೆ ತನ್ನಿ. 5.5 ಮಿ.ಮೀ. ಕಡ್ಡಿಯಲ್ಲಿ ಹಾಫ್ ಡಬಲ್ ಕ್ರೋಶದಿಂದ (ಅಮೆರಿಕದ ಹೆಸರು; ಕಡ್ಡಿಗೆ ದಾರ ಒಮ್ಮೆ ಸುತ್ತಿ, ಮೂರು ಕುಣಿಕೆಗಳಿಂದ ಒಟ್ಟಿಗೆ ಎಳೆಯುವ ಸ್ಟಿಚ್) 8 ಇಂಚು ಉದ್ದಗಲದ ತುಂಡು ಹಾಕಿ, ತೊಳೆದು ಒಣಗಿಸಿ. ಆಮೇಲೆ ನಡುವಿನ 4 ಇಂಚನ್ನು ಮಾತ್ರ ಅಳೆಯಿರಿ. ಅಂಚಿನ ಸ್ಟಿಚ್‌ಗಳು ಯಾವಾಗಲೂ ಸುಳ್ಳು ಹೇಳುತ್ತವೆ. 4 ಇಂಚಿಗೆ 14 ಸ್ಟಿಚ್, 10 ಸಾಲು ಬಂತು ಎಂದುಕೊಳ್ಳೋಣ. ಅಂದರೆ ಇಂಚಿಗೆ ಮೂರೂವರೆ ಸ್ಟಿಚ್, ಎರಡೂವರೆ ಸಾಲು. ಮುಂದಿನದೆಲ್ಲ ಗುಣಾಕಾರ.

ಒಳಗೆ ಕುರ್ತಾ ಇರುತ್ತದಲ್ಲ, ಆದ್ದರಿಂದ ಎದೆಯಲ್ಲಿ 5 ಇಂಚು ಸಡಿಲ ಬಿಡಿ. ಒಟ್ಟು 43 ಇಂಚು. ಬೆನ್ನಿನ ಭಾಗ 21.5 ಇಂಚು, ಅಂದರೆ 75 ಸ್ಟಿಚ್. 77 ಚೈನ್ ಹಾಕಿ, ಕಡ್ಡಿಯಿಂದ ಮೂರನೆಯ ಚೈನ್‌ನಲ್ಲಿ ಮೊದಲ ಸ್ಟಿಚ್ ಹಾಕಿದರೆ 75 ಸಿಗುತ್ತದೆ. 30 ಇಂಚು ಉದ್ದಕ್ಕೆ 75 ಸಾಲು. ಕಂಕುಳವರೆಗೆ 54 ಸಾಲು ನೇರ ಹೋಗಿ. ಅಲ್ಲಿ ಎರಡೂ ಬದಿಯಲ್ಲಿ ಐದೈದು ಸ್ಟಿಚ್ ಬಿಟ್ಟುಬಿಡಿ, ಮುಂದಿನ 6 ಸಾಲುಗಳಲ್ಲಿ ಬದಿಗೆ ಒಂದೊಂದು ಕಡಿಮೆ ಮಾಡಿ. ಉಳಿಯುವ 53ರಲ್ಲಿ ಭುಜಕ್ಕೆ 16, ಕುತ್ತಿಗೆಗೆ 21, ಮತ್ತೆ ಭುಜಕ್ಕೆ 16.

ಮುಂಭಾಗ ಎರಡು ತುಂಡು, ತಲಾ 38 ಸ್ಟಿಚ್. ಕಂಕುಳ ಕಡೆ ಬೆನ್ನಿನ ಲೆಕ್ಕವೇ. 67 ಸಾಲು ಮುಗಿದ ಮೇಲೆ ಕುತ್ತಿಗೆ ಕಡೆ 7 ಸ್ಟಿಚ್ ಬಿಟ್ಟು, ಮುಂದಿನ ನಾಲ್ಕು ಸಾಲಲ್ಲಿ ಒಂದೊಂದು ಕಡಿಮೆ ಮಾಡಿದರೆ ಭುಜಕ್ಕೆ ಸರಿಯಾಗಿ 16 ಉಳಿಯುತ್ತದೆ. ತೋಳಿಗೆ ಮಣಿಕಟ್ಟಿನಲ್ಲಿ 32 ಸ್ಟಿಚ್. ಮೂರು ಸಾಲಿಗೊಮ್ಮೆ ಎರಡೂ ಬದಿ ಒಂದೊಂದು ಹೆಚ್ಚಿಸಿ 12 ಸಲಕ್ಕೆ 56 ಮಾಡಿ, ಮೇಲೆ ಆರು ಸಾಲು ನೇರ.

ಒಂದು ಎಚ್ಚರಿಕೆ. ಪೃಷ್ಠದ ಸುತ್ತಳತೆ 41 ಇಂಚು ಮೀರಿದ್ದರೆ ಬೆನ್ನನ್ನು 83 ಸ್ಟಿಚ್‌ನಿಂದ ಶುರು ಮಾಡಿ, 12 ಸಾಲಿಗೊಮ್ಮೆ ಎರಡೂ ಬದಿ ಒಂದೊಂದು ಕಡಿಮೆ ಮಾಡುತ್ತಾ 75ಕ್ಕೆ ತನ್ನಿ. ಮುಂಭಾಗಗಳಿಗೂ ಪಕ್ಕದ ಹೊಲಿಗೆಯ ಕಡೆ ಹೀಗೇ ಮಾಡಿ. ಎದೆ ಅಳತೆ ಒಂದನ್ನೇ ನಂಬಿದ ಕೋಟು ಕೂತಾಗ ಗುಂಡಿ ಬಿಚ್ಚಿಕೊಳ್ಳುತ್ತದೆ.

ಉಲ್ಲನ್ ಲೆಕ್ಕಕ್ಕೆ ಆ ತುಂಡನ್ನೇ ತೂಗಿ. ಕಾಲರ್, ಜೇಬು, ಪಟ್ಟಿ ಸೇರಿ ಈ ಕೋಟು ಸುಮಾರು 2,100 ಚದರ ಇಂಚು. ನಿಮ್ಮ ತುಂಡು 64 ಚದರ ಇಂಚು. ಅದು 21 ಗ್ರಾಂ ಇದ್ದರೆ ಕೋಟಿಗೆ 700 ಗ್ರಾಂ ಹತ್ತಿರ. ಮೇಲೆ ಶೇ. 20 ಸೇರಿಸಿ 850–900 ಗ್ರಾಂ ಒಟ್ಟಿಗೆ ತನ್ನಿ. ಉಂಡೆಯ ಚೀಟಿಯ ಮೇಲೆ ಬಣ್ಣದ ಸಂಖ್ಯೆಯ ಜೊತೆ ಲಾಟ್ ಸಂಖ್ಯೆಯೂ (ಒಟ್ಟಿಗೆ ಬಣ್ಣ ಹಾಕಿದ ಗುಂಪಿನ ಸಂಖ್ಯೆ) ಇರುತ್ತದೆ. ಲಾಟ್ ಬೇರೆಯಾದರೆ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಒಂದೇ ಬಣ್ಣ, ಬಿಸಿಲಿಗೆ ಬಂದರೆ ಎರಡು.

ಪ್ರಶ್ನೆ: ಹಾಕಿದ ಕೋಟು ದಪ್ಪವಾಗೇ ಇದೆ, ಆದರೂ ಬೆಳಿಗ್ಗೆ ವಾಕಿಂಗ್ ಹೋದರೆ ಮೈ ನಡುಗುತ್ತದೆ. ಭುಜವೂ ಜೋತುಬಿದ್ದಿದೆ.
– ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ

ಉತ್ತರ: ನಿಮ್ಮೂರಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಉಲ್ಲನ್ ಬೆಚ್ಚಗಿಡುವುದು ತನ್ನೊಳಗೆ ಹಿಡಿದಿಟ್ಟ ಗಾಳಿಯಿಂದ. ಬೀಸುಗಾಳಿ ಕ್ರೋಶದ ತೂತುಗಳಲ್ಲಿ ನುಗ್ಗಿ ಆ ಬಿಸಿ ಗಾಳಿಯನ್ನೇ ಹೊತ್ತೊಯ್ಯುತ್ತದೆ. ಇನ್ನೂ ದಪ್ಪ ದಾರ ಇದಕ್ಕೆ ಮದ್ದಲ್ಲ. ಲೈನಿಂಗ್ ಕೊಡಿ.

ಮೈಗೆ ಒತ್ತು ನೇಯ್ಗೆಯ ಪಾಪ್ಲಿನ್, ತೋಳಿಗೆ ಮಾತ್ರ ಸ್ಯಾಟಿನ್ – ಹತ್ತಿ ಬಟ್ಟೆ ತೋಳಲ್ಲಿ ಕುರ್ತಾ ಹಿಡಿದುಕೊಂಡು ಮೇಲೇರುತ್ತದೆ. ಪಾಪ್ಲಿನ್ ಅನ್ನು ಒಮ್ಮೆ ನೆನೆಸಿ ಒಣಗಿಸಿಯೇ ಕತ್ತರಿಸಿ. ಹೊಲಿಗೆಗೆ ಸುತ್ತಲೂ ಅರ್ಧ ಇಂಚು, ಬೆನ್ನಿನ ನಡುವೆ ನೆರಿಗೆಗೆ 1 ಇಂಚು ಹೆಚ್ಚು ಬಿಡಿ. ಈ ನೆರಿಗೆ ಇಲ್ಲದಿದ್ದರೆ ಕೈ ಮುಂದೆ ಚಾಚಿದಾಗ ಉಲ್ಲನ್ ಹಿಗ್ಗುತ್ತದೆ, ಬಟ್ಟೆ ಹಿಗ್ಗದು, ಹೊಲಿಗೆ ಹರಿಯುತ್ತದೆ. ಲೈನಿಂಗ್‌ನ ಕೆಳ ಅಂಚನ್ನು ಕೋಟಿಗಿಂತ 1 ಇಂಚು ಮೇಲೆ ಮಡಿಸಿ, ಕೋಟಿಗೆ ಅಂಟಿಸದೆ ಬಿಡಿಯಾಗಿಡಿ. ಉಳಿದ ಕಡೆ ಕೈಹೊಲಿಗೆ, ದಾರ ಎಳೆದು ಬಿಗಿಯದೆ.

ಲೈನಿಂಗ್‌ಗೆ ಮುಂಚೆಯೇ ಭುಜ ಸರಿಮಾಡಿಕೊಳ್ಳಿ. ಕೋಟಿನ ಪೂರ್ತಿ ಭಾರ ನೇತಾಡುವುದು ಆ ಒಂದು ಸಾಲಿನ ಮೇಲೆ. ನೆನೆಸಿ ಒಣಗಿಸಿದ ಹತ್ತಿ ಲಾಡಿಯನ್ನು ಒಂದು ಭುಜದ ತುದಿಯಿಂದ ಹಿಂಗುತ್ತಿಗೆ ದಾಟಿ ಇನ್ನೊಂದು ಭುಜದ ತುದಿಯವರೆಗೆ, ಜೋತುಬಿದ್ದ ಅಳತೆಗಲ್ಲ, ಇರಬೇಕಾದ ಅಳತೆಗೆ ಕತ್ತರಿಸಿ (38ರ ಎದೆಗೆ ಸುಮಾರು 15 ಇಂಚು) ಒಳಗಿನಿಂದ ಹೊಲಿಯಿರಿ. ಕೋಟನ್ನು ಹ್ಯಾಂಗರ್‌ಗೆ ಹಾಕಲೇಬೇಡಿ, ಮಡಿಸಿಡಿ.

ಪ್ರಶ್ನೆ: ನಮ್ಮಲ್ಲಿ ಕಂಬಳಿ ನೇಯುವ ಕುರಿ ಉಣ್ಣೆ ದಾರ ಸಿಗುತ್ತದೆ. ಅದರಲ್ಲಿ ಕೋಟು ಹಾಕಬಹುದೆ?
– ಓದುಗರೊಬ್ಬರು, ಚಳ್ಳಕೆರೆ

ಉತ್ತರ: ಖಂಡಿತ, ಆದರೆ ಮೈಗೆ ತಾಗದಂತೆ. ಡೆಕ್ಕನಿ ಕುರಿಯ ಉಣ್ಣೆ ಒರಟು, ಚುಚ್ಚುತ್ತದೆ; ಲೈನಿಂಗ್ ಇರುವ ಕೋಟಿಗೆ ಒಳ್ಳೆಯದೇ. ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕುವುದು ಗೊತ್ತಲ್ಲ, ಗಂಜಿ ತಾಗಿದ ದಾರ ಕಡ್ಡಿಯ ಮೇಲೆ ಜಾರುವುದಿಲ್ಲ. ಗಂಜಿ ಹಾಕದ ದಾರವನ್ನೇ ಕೇಳಿ. ಇನ್ನೊಂದು ತೊಡಕು ದಾರದ ಹುರಿಯದ್ದು, ಅಂದರೆ ತಿರುವಿನದು. ನೇಯ್ಗೆಗೆಂದು ಬಿಗಿಯಾಗಿ ನೂತ ಒಂಟಿ ಎಳೆಯಲ್ಲಿ ಕ್ರೋಶ ಹಾಕಿದರೆ ಚೌಕ ತುಂಡು ಓರೆಯಾಗುತ್ತದೆ. ಎಷ್ಟು ಎಳೆದು ಸರಿಮಾಡಿದರೂ ಮತ್ತೆ ಓರೆಯೇ. ಎರಡು ಎಳೆ ಸೇರಿಸಿ, ನೂತಿದ್ದಕ್ಕೆ ವಿರುದ್ಧ ದಿಕ್ಕಿನಲ್ಲಿ ಹುರಿ ಮಾಡಿಕೊಳ್ಳಿ. ಆ ದಪ್ಪಕ್ಕೆ 6.5 ಅಥವಾ 7 ಮಿ.ಮೀ. ಕಡ್ಡಿ ಬೇಕಾಗಬಹುದು.

ಲಡಿಯನ್ನು ಅಂಟುವಾಳದ ಉಗುರುಬೆಚ್ಚಗಿನ ನೀರಲ್ಲಿ ಅದ್ದಿಡಿ, ಉಜ್ಜಬೇಡಿ. ಬಿಸಿನೀರು ಮತ್ತು ತಿಕ್ಕಾಟ ಸೇರಿದರೆ ಉಣ್ಣೆ ಕುಗ್ಗಿ ಗಂಟುಗಟ್ಟುತ್ತದೆ. ಬೇಸಿಗೆಗೆ ಎತ್ತಿಡುವಾಗ ಬೇವಿನ ಸೊಪ್ಪಿಗಿಂತ ಮುಖ್ಯವಾದದ್ದು ತೊಳೆದಿಡುವುದು. ನುಸಿಗೆ ಬೆವರು, ಜಿಡ್ಡು ಹತ್ತಿದ ಉಣ್ಣೆಯೇ ಇಷ್ಟ.

ಪ್ರಶ್ನೆ: ಗುಂಡಿಪಟ್ಟಿ ಅಲೆ ಅಲೆಯಾಗಿ ನಿಲ್ಲುತ್ತದೆ.
– ಹಿರಿಯೂರು

ಉತ್ತರ: ಅಂಚಿನಲ್ಲಿ ಸ್ಟಿಚ್ ಹೆಚ್ಚಾಗಿವೆ. ಕಡಿಮೆಯಾಗಿದ್ದರೆ ಪಟ್ಟಿ ಮೇಲಕ್ಕೆ ಜಗ್ಗುತ್ತಿತ್ತು. ಮೇಲಿನ ಅಳತೆಯ ಹಾಫ್ ಡಬಲ್‌ನಲ್ಲಿ 5 ಸಾಲಿನ ಅಂಚಿಗೆ 7 ಸ್ಟಿಚ್ ಸರಿ. 67 ಸಾಲಿಗೆ 94. ಒಂದು ಇಂಚಿನ ಗುಂಡಿಗೆ ಕಾಜಾ 3 ಸ್ಟಿಚ್ ಸಾಕು, ಬಳಸುತ್ತಾ ಹಿಗ್ಗುತ್ತದೆ. ಗುಂಡಿಯ ಹಿಂದೆ, ಒಳಬದಿಯಲ್ಲಿ, ಶರ್ಟಿನ ಚಿಕ್ಕ ಗುಂಡಿಯೊಂದನ್ನು ಸೇರಿಸಿ ಹೊಲಿದರೆ ಉಲ್ಲನ್ ಹರಿಯದು.

ಪ್ರಶ್ನೆ: ಪುಸ್ತಕದಲ್ಲಿದ್ದಂತೆ ಡಬಲ್ ಕ್ರೋಶ ಹಾಕಿದೆ, ಬಟ್ಟೆ ಬಲೆಯಂತಾಗಿದೆ. ಸಾಲು ಸಾಲಿಗೆ ಅಗಲವೂ ಕಿರಿದಾಗುತ್ತಿದೆ.
– ಹರಿಹರ

ಉತ್ತರ: ಪುಸ್ತಕ ಬ್ರಿಟಿಷ್ ಪದ್ಧತಿಯದಿರಬೇಕು. ಅವರ ಡಬಲ್ ಎಂದರೆ ಅಮೆರಿಕದವರ ಸಿಂಗಲ್. ನೀವು ಹಾಕಿದ್ದು ಅಮೆರಿಕದ ಡಬಲ್, ಅದು ಎತ್ತರದ ಸ್ಟಿಚ್, ಅದಕ್ಕೇ ಬಲೆಯಂತಾಗಿದೆ. ಅಗಲ ಕಿರಿದಾಗುವುದು ಸಾಲಿನ ಕೊನೆಯ ಸ್ಟಿಚ್ ತಪ್ಪಿಹೋಗುವುದರಿಂದ. ಪ್ರತಿ ಸಾಲಿನ ಮೊದಲ ಮತ್ತು ಕೊನೆಯ ಸ್ಟಿಚ್‌ಗೆ ಪಿನ್ನು ಸಿಕ್ಕಿಸಿ, ಹತ್ತು ಸಾಲಿನವರೆಗಾದರೂ ಎಣಿಸುತ್ತಾ ಹೋಗಿ.

ಪ್ರಶ್ನೆ: ಅಕ್ರಿಲಿಕ್ ಕೋಟಿಗೆ ಇಸ್ತ್ರಿ ಹಾಕಬಹುದೆ?
– ದಾವಣಗೆರೆ

ಉತ್ತರ: ಬೇಡ. ಇಸ್ತ್ರಿಪೆಟ್ಟಿಗೆ ತಾಗಿದ ಜಾಗ ಒಮ್ಮೆ ಸೊರಗಿದರೆ ಮತ್ತೆ ಪುಟಿಯುವುದಿಲ್ಲ. ಬೇಕೇಬೇಕೆಂದರೆ ಎರಡು ಮೂರು ಇಂಚು ಮೇಲಿನಿಂದ ಹಬೆ ತೋರಿಸಿ, ಟವೆಲ್ ಮೇಲೆ ಹರಡಿ ಆರಲು ಬಿಡಿ.