ಸಂಪಾದಕರ ಉತ್ತರ: ಮತವಿಲ್ಲದವರ ಮನವಿ

ಅಮೆರಿಕದ ಯೂಟಾ ರಾಜ್ಯದ ಪ್ರೌಢಶಾಲಾ ವಿದ್ಯಾರ್ಥಿಗಳು ಒಟ್ಟುಗೂಡಿ ಹವಾಮಾನ ಬದಲಾವಣೆಯ ವಿಷಯದಲ್ಲಿ ತಮ್ಮ ಶಾಸನಸಭೆಯ ನಿಲುವನ್ನು ಬದಲಿಸಿದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದು, ಕೊಡಗಿನ ವಿದ್ಯಾರ್ಥಿಗಳೂ ಇದನ್ನು ಯೋಚಿಸಬಹುದಲ್ಲವೇ ಎಂದು ಕೇಳಿದ್ದೆವು. ಅದಕ್ಕೆ ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರರೊಬ್ಬರು ಮೂರು ಪುಟಗಳ ಆಕ್ಷೇಪ ಕಳಿಸಿದ್ದಾರೆ. ಮತದಾನದ ಹಕ್ಕೇ ಇಲ್ಲದವರಿಗೆ ಕಾನೂನಿನ ಗೊಡವೆ ಬೇಡ. ಅವರ ಕೈಗೆ ಮನವಿಪತ್ರ ಕೊಟ್ಟು ಕಳಿಸುವವರು ಯಾರೋ ದೊಡ್ಡವರೇ. ಪರಿಸರದ ಹೆಸರಿನ ಕಾನೂನು ಎಲ್ಲಿಂದ ಹೊರಟರೂ ಕೊನೆಗೆ ಬಂದು ನಿಲ್ಲುವುದು ಬೆಳೆಗಾರನ ಬೇಲಿಯೊಳಗೆ. ಇದು ಪತ್ರದ ಸಾರ.

ಮಾನ್ಯರೇ, ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಲೇಖನದ ತಲೆಬರಹದಲ್ಲಿ ‘ಕಾನೂನು’ ಎಂಬ ಪದ ಬಳಸಿದ್ದೆವು. ಯೂಟಾದಲ್ಲಿ ಆದದ್ದು ಕಾನೂನಲ್ಲ, ನಿರ್ಣಯ. ಯಾರನ್ನೂ ಕಟ್ಟಿಹಾಕದ, ಯಾರಿಗೂ ದಂಡ ವಿಧಿಸದ, ಸದನದ ಅಭಿಪ್ರಾಯವನ್ನಷ್ಟೇ ದಾಖಲಿಸುವ ಕಾಗದ ಅದು. ಆದರೆ ಆ ಕಾಗದ ಹುಟ್ಟಿದ ಬಗೆಯನ್ನು ಗಮನಿಸಿದರೆ ತಮ್ಮ ಮೊದಲೆರಡು ಆಕ್ಷೇಪಗಳಿಗೆ ಅಲ್ಲೇ ಉತ್ತರವಿದೆ. ಅದೇ ಶಾಸನಸಭೆ 2010ರಲ್ಲಿ ಹವಾಮಾನ ವಿಜ್ಞಾನವನ್ನೇ ಸಂಶಯಿಸಿ, ಇಂಗಾಲದ ಡೈಆಕ್ಸೈಡ್ ತಗ್ಗಿಸುವ ಕ್ರಮಗಳನ್ನು ನಿಲ್ಲಿಸಬೇಕೆಂದು ಕೇಂದ್ರದ ಪರಿಸರ ಸಂಸ್ಥೆಯನ್ನು ಒತ್ತಾಯಿಸುವ ನಿರ್ಣಯ ಮಾಡಿತ್ತು. ಚಳಿಗಾಲದಲ್ಲಿ ಹೊಗೆ ಕವಿದು ಉಸಿರಾಡಲು ಕಷ್ಟವಾಗುವ ಕಣಿವೆಯೊಂದರ ಊರು ಲೋಗನ್. ಅಲ್ಲಿನ ಪ್ರೌಢಶಾಲೆಯ ವಿದ್ಯಾರ್ಥಿಗಳು ಹಳೆಯ ಆ ನಿರ್ಣಯವನ್ನು ಓದಿ, ಅದರ ಜಾಗದಲ್ಲಿ ಬೇರೊಂದು ಬರಬೇಕೆಂದು ಕೇಳಿದರು. ಮೊದಲ ಪ್ರಯತ್ನ ಫಲಿಸಲಿಲ್ಲ. ಮತ್ತೆ ಹೋದರು. ರಿಪಬ್ಲಿಕನ್ ಪಕ್ಷದ ಶಾಸಕಿ ಬೆಕಿ ಎಡ್ವರ್ಡ್ಸ್ ಮಂಡಿಸಿದ ನಿರ್ಣಯ 2018ರಲ್ಲಿ, ಅದೇ ಪಕ್ಷದ ಬಹುಮತವಿದ್ದ ಎರಡೂ ಸದನಗಳಲ್ಲಿ ಅಂಗೀಕಾರವಾಗಿ, ಅದೇ ಪಕ್ಷದ ಗವರ್ನರ್ ಗ್ಯಾರಿ ಹರ್ಬರ್ಟ್ ಅವರ ಸಹಿ ಪಡೆಯಿತು. ಹಿರಿಯರ ಮಾರ್ಗದರ್ಶನ ಅವರಿಗೆ ಇರಲಿಲ್ಲವೆಂದು ನಾನು ಹೇಳುವುದಿಲ್ಲ, ಇತ್ತು. ಆದರೆ ಹಿರಿಯರು ಹೇಳಿಕೊಟ್ಟದ್ದನ್ನು ಒಪ್ಪಿಸಿ ಬರುವ ಮಕ್ಕಳಿಗೆ ಸೋತ ಮೇಲೆ ಮತ್ತೊಮ್ಮೆ ಹೋಗುವ ಹಟ ಎಲ್ಲಿಂದ ಬರಬೇಕು? ಅವರು ಕೂಗಿದ ಘೋಷಣೆಗಿಂತ, ತಮ್ಮ ಸದನದ ಕಡತ ತೆರೆದು ಅದರ ವಾಕ್ಯಗಳನ್ನು ಓದಿದ್ದೇ ನನಗೆ ದೊಡ್ಡದಾಗಿ ಕಂಡಿತು.

ಮತದ ಮಾತಿಗೆ ಬಂದರೆ, ಇಂದು ಹತ್ತನೇ ತರಗತಿಯಲ್ಲಿ ಕುಳಿತವರು ಎರಡು ಮೂರು ವರ್ಷಗಳಲ್ಲಿ ಮತದಾರರೇ ಆಗಿರುತ್ತಾರೆ. 1952ರಿಂದ 1956ರವರೆಗೆ ಕೊಡಗಿಗೆ ತನ್ನದೇ ಆದ 24 ಸದಸ್ಯರ ಸಭೆ ಇತ್ತು. ಈಗ ಬೆಂಗಳೂರಿನಲ್ಲಿರುವ ರಾಜ್ಯ ವಿಧಾನಸಭೆಯ 224 ಸ್ಥಾನಗಳಲ್ಲಿ ನಮ್ಮವು ಎರಡು. ಇಷ್ಟು ಚಿಕ್ಕ ದನಿಯ ಜಿಲ್ಲೆ ತನ್ನ ಮಕ್ಕಳಿಗೆ ಸುಮ್ಮನಿರು ಎನ್ನುವುದು ದುಬಾರಿ ಶಿಸ್ತು ಎಂದು ನನಗನ್ನಿಸುತ್ತದೆ.

ತಮ್ಮ ಮೂರನೆಯ ಮಾತು ಹಾಗೆ ತಳ್ಳಿಹಾಕುವಂಥದ್ದಲ್ಲ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಬಗ್ಗೆ ಕೇಂದ್ರ ಸರ್ಕಾರದ ಮೊದಲ ಕರಡು ಅಧಿಸೂಚನೆ 2014ರ ಮಾರ್ಚ್‌ನಲ್ಲಿ ಬಂದಾಗ ಇಲ್ಲಿ ಹಬ್ಬಿದ ಭಯವನ್ನು ನಾನೂ ಕಂಡವನೇ. ಆರನೆಯ ಕರಡು ಬಂದದ್ದು 2024ರ ಜುಲೈ 31ರಂದು, ವಯನಾಡಿನ ಗುಡ್ಡ ಕುಸಿದ ಮರುದಿನ. ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯದ ಸಂಪುಟ ಅದನ್ನು ತಿರಸ್ಕರಿಸಿತು. ಈ ಹತ್ತು ವರ್ಷಗಳಲ್ಲಿ ಕರಡಿನ ಪರವಾಗಿ ಮಾತಾಡಿದವರನ್ನೂ ವಿರೋಧವಾಗಿ ಮಾತಾಡಿದವರನ್ನೂ ಬೇಕಾದಷ್ಟು ಭೇಟಿಯಾಗಿದ್ದೇನೆ, ಅದನ್ನು ಪೂರ್ತಿ ಓದಿದವರನ್ನು ಬೆರಳೆಣಿಕೆಯಷ್ಟು ಮಾತ್ರ. ಗಣಿಗಾರಿಕೆ, ಕಲ್ಲುಕ್ವಾರಿ, ಮರಳುಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯ ಮಾಡುವ ‘ಕೆಂಪು ವರ್ಗ’ದ ಕೈಗಾರಿಕೆ, 20,000 ಚದರ ಮೀಟರ್ ಹಾಗೂ ಅದಕ್ಕೂ ದೊಡ್ಡ ಕಟ್ಟಡಗಳು ಅದರ ನಿಷೇಧದ ಪಟ್ಟಿಯಲ್ಲಿವೆ. ಕಾಫಿ, ಕರಿಮೆಣಸಿನ ಕೃಷಿ ಇಲ್ಲ. ಅದರಾಚೆಯೂ ತಮಗೆ ಅನುಮಾನಗಳಿದ್ದರೆ ಅವು ನ್ಯಾಯವಾದವೇ ಇರಬಹುದು, ಆದರೆ ಪಠ್ಯ ಮುಂದಿಟ್ಟುಕೊಂಡು ಜಗಳವಾಡಬೇಕು. ಅಂಥ ಕರಡುಗಳಿಗೆ ಆಕ್ಷೇಪ, ಸಲಹೆ ಕೊಡಲು 60 ದಿನಗಳಿರುತ್ತವೆ. ಕೊಡಬಹುದಾದವರು ‘ಆಸಕ್ತಿಯುಳ್ಳ ಯಾವುದೇ ವ್ಯಕ್ತಿ’. ಮತದಾರರಾಗಿರಬೇಕು, ಪಹಣಿಯಲ್ಲಿ ಹೆಸರಿರಬೇಕು ಎಂಬ ಮಾತಿಲ್ಲ. ಕರಡನ್ನು ಸಾಲುಸಾಲಾಗಿ ಕನ್ನಡಕ್ಕೆ ತಂದು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದುವ ಹತ್ತು ವಿದ್ಯಾರ್ಥಿಗಳಿದ್ದರೆ ಮೊದಲ ಲಾಭ ಬೆಳೆಗಾರನದೇ.

ಬಾಗಿಲುಗಳು ಬೇರೆಯೂ ಇವೆ. ಪಂಚಾಯಿತಿ ಮಟ್ಟದಲ್ಲಿ ಮಕ್ಕಳ ಗ್ರಾಮಸಭೆ ಇದೆ. ಶಾಲೆಯ ಶೌಚಾಲಯ, ಬಸ್ಸಿನ ಸಮಯದ ದೂರುಗಳ ಜೊತೆಗೆ ಇಳಿಜಾರಿನ ಮಣ್ಣು ಅಗೆತದ ಪ್ರಶ್ನೆಯನ್ನೂ ಅಲ್ಲಿ ಎತ್ತಬಹುದು. 2002ರ ಜೀವವೈವಿಧ್ಯ ಕಾಯ್ದೆಯಂತೆ ರಚನೆಯಾದ ಸ್ಥಳೀಯ ಸಮಿತಿಗಳಿವೆ. ವಿಧಾನಸಭೆಗೆ ಅರ್ಜಿಗಳ ಸಮಿತಿ ಇದೆ, ಶಾಸಕರು ಮನಸ್ಸು ಮಾಡಿದರೆ ಖಾಸಗಿ ಮಸೂದೆಯೂ ಇದೆ. ಅಮೆರಿಕದ ಮೊಂಟಾನಾದ 16 ಮಂದಿ ಮಕ್ಕಳು ಮತ್ತು ಯುವಕರು 2023ರಲ್ಲಿ ನ್ಯಾಯಾಲಯದಲ್ಲಿ ಗೆದ್ದದ್ದೂ ಉಂಟು, ಆದರೆ ವಕೀಲರ ದಾರಿಗೆ ನಮ್ಮ ಮಕ್ಕಳನ್ನು ಅವಸರದಿಂದ ಕಳಿಸುವುದು ನನಗೂ ಇಷ್ಟವಿಲ್ಲ.

ಏನನ್ನು ಕೇಳಬೇಕು ಎಂಬುದು ಅದಕ್ಕಿಂತ ಕಷ್ಟದ ಪ್ರಶ್ನೆ. ‘ಭೂಮಿ ಉಳಿಸಿ’ ಎಂದರೆ ಯಾವ ಶಾಸಕರೂ ತಲೆಯಾಡಿಸಿ ಫೋಟೋ ತೆಗೆಸಿಕೊಂಡು ಕಳಿಸುತ್ತಾರೆ. ಕಡಿದಾದ ಇಳಿಜಾರಿನಲ್ಲಿ ಭೂಪರಿವರ್ತನೆಗೆ ಅನುಮತಿ ಕೊಡುವ ಮುನ್ನ ಭೂವಿಜ್ಞಾನಿಯ ವರದಿ ಕಡ್ಡಾಯವಾಗಲಿ, ಅದು ಪಂಚಾಯಿತಿಯ ಗೋಡೆಗೆ ಕನ್ನಡದಲ್ಲಿ ಅಂಟಲಿ ಎಂದರೆ, ಒಪ್ಪಿಗೆಯೋ ಇಲ್ಲವೋ ಎಂದು ಅವರು ಹೇಳಲೇಬೇಕಾಗುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಬೆಟ್ಟ ಜಾರಿದ್ದಕ್ಕೆ ಅತಿವೃಷ್ಟಿಯೊಂದೇ ಕಾರಣವಲ್ಲ, ರಸ್ತೆಗೂ ಕಟ್ಟಡಕ್ಕೂ ಇಳಿಜಾರನ್ನು ಕತ್ತರಿಸಿದ್ದೂ ಕಾರಣ ಎಂದು ಭೂವಿಜ್ಞಾನಿಗಳು 2018ರಲ್ಲೇ ಹೇಳಿದ್ದರು. ಆಗ ಪರಿಹಾರ ಕೇಂದ್ರದ ಚಾಪೆಯ ಮೇಲೆ ಮಲಗಿದ್ದ ಮೂರನೇ ತರಗತಿಯ ಮಗು ಈಗ ಪ್ರೌಢಶಾಲೆ ದಾಟುವ ವಯಸ್ಸಿನಲ್ಲಿದೆ. ‘ಪರೀಕ್ಷೆಗೆ ಓದಿಕೊಳ್ಳಲಿ’ ಎಂದು ತಾವು ಬರೆದಿದ್ದೀರಿ. ಪ್ರತಿ ಜುಲೈಯಲ್ಲೂ ಅದೆಷ್ಟು ದಿನ ಆ ಓದು ಮಳೆ ರಜೆಗೆ ಹೋಗುತ್ತದೆ ಎಂಬುದು ತಮಗೂ ಗೊತ್ತು.

ತಮ್ಮ ಪತ್ರದ ಎರಡನೇ ಪುಟವನ್ನು ನಾನು ಮತ್ತೆ ಮತ್ತೆ ಓದಿದೆ. ತಾತನ ಕಾಲದಿಂದ ತೋಟದ ಮಳೆಯನ್ನು ಇಂಚು, ಸೆಂಟುಗಳಲ್ಲಿ (ಇಂಚಿನ ನೂರನೇ ಭಾಗ) ಬರೆದಿಟ್ಟ ಪುಸ್ತಕಗಳು ತಮ್ಮಲ್ಲಿವೆ, ಕಾಫಿ ಹೂ ಅರಳಿಸುವ ಹೂಮಳೆ ಹಿಂದೆಮುಂದಾದದ್ದನ್ನು ಅವುಗಳಲ್ಲೇ ನೋಡಬಹುದು ಎಂದಿದ್ದೀರಿ. ಶಾಸಕರ ಮುಂದಿಡಲು ಅಂಥ ದಾಖಲೆಗಿಂತ ಗಟ್ಟಿಯಾದದ್ದು ನಮ್ಮ ವಿದ್ಯಾರ್ಥಿಗಳಿಗೆ ಸಿಗಲಾರದು. ಮಳೆಗಾಲದ ಕಕ್ಕಡ ತಿಂಗಳು ಕಳೆದ ಮೇಲೆ ಇಬ್ಬರು ಮಕ್ಕಳನ್ನು ಅವರ ಶಿಕ್ಷಕರ ಜೊತೆ ಕಳಿಸಿದರೆ, ತಮ್ಮ ಜಗಲಿಯಲ್ಲೇ ಕುಳಿತು ಅದನ್ನು ಪ್ರತಿ ಮಾಡಿಕೊಳ್ಳಲು ಬಿಡುವಿರಾ? ಮನವಿಪತ್ರದ ವಿಷಯವಾಗಿ ಅವರನ್ನು ತರಾಟೆಗೆ ತೆಗೆದುಕೊಳ್ಳುವ ಅವಕಾಶವೂ ತಮಗೆ ಅಲ್ಲೇ ಸಿಗುತ್ತದೆ.