ಲಿಂಕ್ ಮುಯ್ಯಿ: ಯಾರ ಜೊತೆ, ಎಷ್ಟು?

ಪ್ರಶ್ನೆ: ಶಿರಸಿ ಹತ್ತಿರ ನಮ್ಮದೊಂದು ಚಿಕ್ಕ ಹೋಂಸ್ಟೇ ಇದೆ. ಮಗಳು ವೆಬ್‌ಸೈಟ್ ಮಾಡಿಕೊಟ್ಟಿದ್ದಾಳೆ. ಈಗ ವಾರಕ್ಕೆ ಮೂರ್ನಾಲ್ಕು ಇಮೇಲ್ ಬರುತ್ತಿವೆ. "ನಮ್ಮ ಲಿಂಕ್ ನೀವು ಹಾಕಿ, ನಿಮ್ಮದನ್ನು ನಾವು ಹಾಕುತ್ತೇವೆ, ಗೂಗಲ್‌ನಲ್ಲಿ ಇಬ್ಬರೂ ಮೇಲೆ ಬರುತ್ತೇವೆ, ನಮ್ಮ ಡಿಎ 52" ಎನ್ನುತ್ತಾರೆ. ನಂಬಬಹುದೇ? ಯಾರನ್ನು ಆರಿಸಿಕೊಳ್ಳಬೇಕು?

ಉತ್ತರ: ತೋಟದ ಕೆಲಸಕ್ಕೆ ಮುಯ್ಯಾಳು ಕರೆಯುವಾಗ ಯಾರನ್ನು ಕರೆಯುತ್ತೀರಿ? ನಾಳೆ ಅವರ ತೋಟಕ್ಕೆ ನೀವೂ ಹೋಗಬೇಕಲ್ಲ, ಹಾಗಾಗಿ ಗುರುತು ಪರಿಚಯ ಇದ್ದವರನ್ನೇ. ಲಿಂಕ್ ವಿನಿಮಯಕ್ಕೂ ಅದೇ ಅಳತೆ. ನಿಮಗೆ ಬರುತ್ತಿರುವಂಥ ಇಮೇಲ್‌ಗಳು ಹೆಚ್ಚಾಗಿ ಒಂದೇ ಒಕ್ಕಣೆಯಲ್ಲಿ ನೂರಾರು ಜನರಿಗೆ ಹೋಗಿರುತ್ತವೆ. ಉತ್ತರ ಬರೆಯುವ ಅಗತ್ಯವೇ ಇಲ್ಲ.

ಡಿಎ ಅಂಕಕ್ಕೆ ಮರುಳಾಗಬೇಡಿ. ಡಿಎ ಎಂದರೆ ಡೊಮೇನ್ ಅಥಾರಿಟಿ: ಒಂದು ಸೈಟು ಹುಡುಕಾಟದಲ್ಲಿ ಎಷ್ಟು ಮೇಲೆ ಬರಬಹುದೆಂದು ಮಾಜ್ ಎಂಬ ಕಂಪನಿ ತನ್ನದೇ ಲೆಕ್ಕಾಚಾರದಲ್ಲಿ 1ರಿಂದ 100ರ ನಡುವೆ ಕೊಡುವ ಅಂಕ. ಗೂಗಲ್ ಅದನ್ನು ಬಳಸುವುದಿಲ್ಲ. ಕಳಪೆ ಲಿಂಕ್‌ಗಳನ್ನು ರಾಶಿ ಹಾಕಿ ಅದನ್ನು ಏರಿಸಿಕೊಳ್ಳುವವರೂ ಇದ್ದಾರೆ.

ಈ ವ್ಯವಹಾರ ಹುಟ್ಟಿದ್ದಕ್ಕೆ ಕಾರಣವಿದೆ. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಶುರುಮಾಡಿದ ಗೂಗಲ್, ಒಂದು ಪುಟಕ್ಕೆ ಬೇರೆಯವರು ಕೊಟ್ಟ ಲಿಂಕನ್ನು ಆ ಪುಟಕ್ಕೆ ಬಿದ್ದ ಮತದಂತೆ ಎಣಿಸಿತು. ಮತಕ್ಕೆ ಬೆಲೆ ಬಂದ ಮೇಲೆ ಮಾರುವವರು, ಕೊಳ್ಳುವವರು ಹುಟ್ಟಿಕೊಂಡರು. 2012ರ ಏಪ್ರಿಲ್‌ನಲ್ಲಿ ಗೂಗಲ್ ತನ್ನ ಹುಡುಕಾಟದ ಲೆಕ್ಕಾಚಾರದಲ್ಲಿ ತಂದ "ಪೆಂಗ್ವಿನ್" ಎಂಬ ಬದಲಾವಣೆಯಿಂದ ಇಂಥ ಎಷ್ಟೋ ಸೈಟುಗಳು ಹಿಂದೆ ಬಿದ್ದವು. ಇವತ್ತಿಗೂ ಗೂಗಲ್‌ನ ನಿಯಮದಲ್ಲಿ ಅತಿಯಾದ ಲಿಂಕ್ ವಿನಿಮಯ ಸ್ಪ್ಯಾಮ್ ಎಂದೇ ಇದೆ. "ಅತಿಯಾದ" ಎಂಬ ಮಾತನ್ನು ಗಮನಿಸಿ. ಪರಸ್ಪರ ಲಿಂಕ್ ಕೊಡುವುದೇ ತಪ್ಪಲ್ಲ.

ಹಾಗಾದರೆ ಯಾರು? ನಿಮ್ಮಲ್ಲಿ ಉಳಿದ ಅತಿಥಿ ಬೆಳಿಗ್ಗೆ ತಿಂಡಿ ತಿನ್ನುತ್ತಾ ಏನು ಕೇಳುತ್ತಾರೆ ನೆನಪಿಸಿಕೊಳ್ಳಿ. ಯಾಣಕ್ಕೆ ದಾರಿ ಹೇಗೆ, ಸಹಸ್ರಲಿಂಗಕ್ಕೆ ಯಾವ ತಿಂಗಳಲ್ಲಿ ಹೋದರೆ ಹೊಳೆಯ ನೀರಿಳಿದು ಲಿಂಗಗಳು ಕಾಣುತ್ತವೆ, ಬನವಾಸಿ ನೋಡಿಕೊಂಡು ಸಂಜೆಯೊಳಗೆ ಬರಬಹುದೇ, ಒಳ್ಳೆ ಕಾಳುಮೆಣಸು ಎಲ್ಲಿ ಸಿಗುತ್ತದೆ. ಇದಕ್ಕೆ ಉತ್ತರ ಕೊಡುವ ಸೈಟುಗಳೇ ನಿಮ್ಮ ಜೊತೆಗಾರರು: ಚಾರಣಕ್ಕೆ ಕರೆದೊಯ್ಯುವವರು, ಬಾಡಿಗೆ ಕಾರಿನವರು, ಮಸಾಲೆ ಪದಾರ್ಥ ಮಾರುವ ಕೃಷಿಕರು. ಐದಾರು ಸಾಕು. ಗೂಗಲ್ ಎಂಬುದೇ ಇಲ್ಲದಿದ್ದರೂ ಈ ಲಿಂಕ್ ಹಾಕುತ್ತಿದ್ದೆನೇ ಎಂದು ಕೇಳಿಕೊಳ್ಳಿ. ಇಲ್ಲ ಅನ್ನಿಸಿದರೆ ಬಿಟ್ಟುಬಿಡಿ.

ಒಪ್ಪುವ ಮುಂಚೆ ಅರ್ಧ ಗಂಟೆ ಕೊಟ್ಟು ಅವರ ಸೈಟನ್ನು ನೀವೇ ಓದಿ. ನಡೆಸುವವರ ಹೆಸರು, ಊರು, ಫೋನ್ ನಂಬರ್ ಇದೆಯೇ? ಪ್ರವಾಸದ ಲೇಖನಗಳ ನಡುವೆ ಆನ್‌ಲೈನ್ ಜೂಜು, ದಿಢೀರ್ ಸಾಲದ ಲಿಂಕ್‌ಗಳು ನುಸುಳಿವೆಯೇ? ಇದ್ದರೆ ಅಲ್ಲಿ ಜಾಗ ಮಾರಾಟಕ್ಕಿದೆ ಎಂದು ತಿಳಿಯಿರಿ. ಆಮೇಲೆ ಗೂಗಲ್‌ನಲ್ಲಿ ಅವರ ಸೈಟಿನ ಹೆಸರನ್ನೇ ಹುಡುಕಿ. ಸ್ವಂತ ಹೆಸರಿಗೂ ಸೈಟು ಕಾಣದಿದ್ದರೆ ಏನೋ ಎಡವಟ್ಟಾಗಿದೆ.

ಹಲವರು ಬಿಟ್ಟುಬಿಡುವ ಪರೀಕ್ಷೆ ಇನ್ನೊಂದಿದೆ, ನನಗೆ ಅದೇ ಹೆಚ್ಚು ಮುಖ್ಯ. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲಿ ಆ ವಿಳಾಸ ಹಾಕಿದರೆ ಹಳೆಯ ಪುಟಗಳು ತೆರೆಯುತ್ತವೆ. ಒಮ್ಮೆ ನಾನು ಹಾಗೆ ನೋಡಿದ ಪ್ರವಾಸ ಸೈಟೊಂದು ಐದು ವರ್ಷದ ಹಿಂದೆ ಹಲ್ಲಿನ ಆಸ್ಪತ್ರೆಯದಾಗಿತ್ತು! ಅವಧಿ ಮುಗಿದ ಡೊಮೇನ್ (ಸೈಟಿನ ವಿಳಾಸ) ಕೊಂಡು, ಅದರ ಹಳೆಯ ಮರ್ಯಾದೆಯನ್ನು ಬಳಸಿಕೊಳ್ಳುವ ಉಪಾಯವದು. 2024ರ ಮಾರ್ಚ್‌ನಲ್ಲಿ ಗೂಗಲ್ ಇಂಥದ್ದನ್ನೂ ಸ್ಪ್ಯಾಮ್ ಪಟ್ಟಿಗೆ ಸೇರಿಸಿತು.

ನಿಮ್ಮ ಲಿಂಕ್ ಎಲ್ಲಿ ಬರುತ್ತದೆ ಎಂದೂ ಕೇಳಿ. ಇನ್ನೂರು ಹೆಸರುಗಳ "ಪಾಲುದಾರರು" ಪುಟದ ಮೂಲೆಯಲ್ಲಿದ್ದರೆ ಯಾರ ಕಣ್ಣಿಗೂ ಬೀಳದು. ಬನವಾಸಿ ಬಗ್ಗೆ ಬರೆದ ಲೇಖನದ ನಡುವೆ "ರಾತ್ರಿ ಇಲ್ಲಿ ಉಳಿಯಬಹುದು" ಎಂದು ಬಂದರೆ ಅತಿಥಿ ನಿಜಕ್ಕೂ ಫೋನ್ ಮಾಡುತ್ತಾರೆ. "ಲಿಂಕಿನ ಮೇಲೆ ಇದೇ ಪದಗಳಿರಬೇಕು" ಎಂದು ಪಟ್ಟುಹಿಡಿಯುವವರಿಂದ ದೂರವಿರಿ.

ಪ್ರಶ್ನೆ: ಸಲಹೆ ಕೇಳದೆ ಕಳೆದ ವರ್ಷ ನಲವತ್ತು ಸೈಟುಗಳ ಜೊತೆ ಲಿಂಕ್ ವಿನಿಮಯ ಮಾಡಿಕೊಂಡಿದ್ದೇನೆ. ಈಗೇನು ಮಾಡಲಿ?

ಉತ್ತರ: ಗಾಬರಿ ಬೇಡ. ನಿಮ್ಮ ಕೈಯಲ್ಲಿರುವುದರಿಂದ ಶುರು ಮಾಡಿ: ನೀವು ಹಾಕಿದ ಲಿಂಕ್‌ಗಳನ್ನು ಒಂದೊಂದೇ ತೆರೆದು, ಸಂಬಂಧವಿಲ್ಲದ್ದನ್ನು ಇವತ್ತೇ ತೆಗೆಯಿರಿ. ದುಡ್ಡು ಪಡೆದು ಹಾಕಿದ್ದೇನಾದರೂ ಇದ್ದರೆ, ಉಳಿಸಿಕೊಳ್ಳುವುದಾದರೆ ಆ ಲಿಂಕಿನ ಕೋಡ್‌ನಲ್ಲಿ "ಸ್ಪಾನ್ಸರ್ಡ್" (rel="sponsored") ಗುರುತು ಹಾಕಿ. 2019ರಿಂದ ಗೂಗಲ್ ಆ ಗುರುತನ್ನು ಒಪ್ಪುತ್ತದೆ. ಆಮೇಲೆ ಸೈಟಿನ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನದಲ್ಲಿ "ಮ್ಯಾನುಯಲ್ ಆಕ್ಷನ್ಸ್" ಪುಟ ನೋಡಿ. ಗೂಗಲ್‌ನ ಸಿಬ್ಬಂದಿ ನಿಮ್ಮ ಸೈಟಿನ ಮೇಲೆ ಕ್ರಮ ಕೈಗೊಂಡಿದ್ದರೆ ಅಲ್ಲಿ ತಿಳಿಯುತ್ತದೆ. ಅಲ್ಲಿ ನೋಟಿಸ್ ಇದ್ದರೆ, ನಿಮ್ಮ ಕಡೆಗಿರುವ ಲಿಂಕ್‌ಗಳನ್ನು ತೆಗೆಯುವಂತೆ ಆ ಸೈಟಿನವರಿಗೆ ಬರೆಯಿರಿ, ತೆಗೆಯದವರ ವಿಳಾಸಗಳನ್ನು ಡಿಸವೋ (ಈ ಲಿಂಕ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಗೂಗಲ್‌ಗೆ ಹೇಳುವ) ಸೌಲಭ್ಯದಲ್ಲಿ ಕಳಿಸಿ, ಮರುಪರಿಶೀಲನೆ ಕೇಳಿ. ನೋಟಿಸ್ ಇಲ್ಲದಿದ್ದರೆ ಡಿಸವೋ ಮುಟ್ಟಬೇಡಿ. ಒಳ್ಳೆಯ ಲಿಂಕ್ ಕೂಡ ಅದರಲ್ಲಿ ಕೊಚ್ಚಿಹೋದೀತು.