ಕಾಸರಗೋಡಿನ ಶಾಲಾ ಮಕ್ಕಳಿಗೆ ಶಿಬಿರ, ಚಾರಣದ ಕೆಲಸ ಕಲಿಸಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಬ್ಯಾಂಕಿನ ವರ್ಗಾವಣೆಯಲ್ಲಿ ಬೆಂಗಳೂರಿನಿಂದ ಕುಂಬಳೆಗೆ ಬಂದಿದ್ದೀರಿ. ಚಾರಣ ಮಾಡಿ ಅಭ್ಯಾಸವಿದೆ, ರಜೆಯ ಶನಿವಾರಗಳಲ್ಲಿ ಇಲ್ಲಿನ ಸ್ಕೌಟ್ ಮಕ್ಕಳಿಗೆ ಏನಾದರೂ ಕಲಿಸುವ ಆಸೆಯಿದೆ. ಸರ್ಟಿಫಿಕೇಟ್ ಇಲ್ಲ, ಮಲಯಾಳ ಬರುವುದಿಲ್ಲ, ಮಕ್ಕಳನ್ನು ರಾಣಿಪುರದ ಬೆಟ್ಟಕ್ಕೆ ಕರೆದುಕೊಂಡು ಹೋಗಬಹುದೇ ಎಂದೂ ಕೇಳಿದ್ದೀರಿ. ನಾನು ಬದಿಯಡ್ಕ ಕಡೆಯ ಅಡಿಕೆ ಕೃಷಿಕ. ಹತ್ತಿರದ ಶಾಲೆಯ ಸ್ಕೌಟ್ ದಳದ ಜೊತೆ ವರ್ಷಗಳಿಂದ ಓಡಾಡಿಕೊಂಡಿರುವುದರಿಂದ ಉತ್ತರಿಸುತ್ತಿದ್ದೇನೆ.

ರಾಣಿಪುರದ ವಿಷಯ ಮೊದಲು ಮುಗಿಸಿಬಿಡೋಣ. ಈ ವರ್ಷ ಬೇಡ. ಅದು ಅರಣ್ಯ ಇಲಾಖೆಯ ಸುಪರ್ದಿಯಲ್ಲಿರುವ ಜಾಗ, ಆನೆ ಓಡಾಡುವ ಕಾಡು, ಮಳೆಗಾಲದಲ್ಲಿ ಉಂಬುಳದ (ಜಿಗಣೆಯ) ಕಾಟ ಬೇರೆ. ನಿಮಗೆ ಮಕ್ಕಳ ಪರಿಚಯವಿಲ್ಲ, ಮಕ್ಕಳಿಗೆ ನಿಮ್ಮದಿಲ್ಲ. ಯಾರು ಹೇಳಿದ ಮಾತು ಕೇಳುತ್ತಾರೆ, ಯಾರು ಗುಂಪಿನಿಂದ ಮೆಲ್ಲಗೆ ಜಾರುತ್ತಾರೆ ಎಂಬುದು ಶಾಲೆಯ ಮೈದಾನದಲ್ಲೇ ತಿಳಿಯಲಿ. ಮೊದಲ ವರ್ಷಕ್ಕೆ ಮೈದಾನ ಮತ್ತು ಶಾಲೆಯ ಹಿಂದಿನ ಗುಡ್ಡೆ ಧಾರಾಳ.

ಸರ್ಟಿಫಿಕೇಟಿನ ಚಿಂತೆ ಸದ್ಯಕ್ಕೆ ಬಿಡಿ. ಶಾಲೆಗಳಲ್ಲಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ದಳವನ್ನು ನಡೆಸುವವರು ತರಬೇತಿ ಪಡೆದ ಅಧ್ಯಾಪಕರು. ಹುಡುಗರಿಗೆ ಸ್ಕೌಟ್ ಮಾಸ್ಟರ್, ಹುಡುಗಿಯರಿಗೆ ಗೈಡ್ ಕ್ಯಾಪ್ಟನ್. ನೀವು ಅವರ ಕೈಕೆಳಗೆ ಸಹಾಯಕರಾಗಿ ಹೋಗುವವರು. ಮುಖ್ಯೋಪಾಧ್ಯಾಯರನ್ನು ಕಂಡು, ಆಮೇಲೆ ಆ ಮಾಷ್ಟ್ರನ್ನೋ ಟೀಚರನ್ನೋ ಮಾತಾಡಿಸಿ. ಪ್ರಾಜೆಕ್ಟರ್, ಫೋಟೋ, ಹಿಮಾಲಯದ ಕಥೆ ಇವೆಲ್ಲ ಮೊದಲ ದಿನ ಬೇಡ. ‘ನಿಮಗೆ ಪುರುಸೊತ್ತು ಸಿಗದ ಪಾಠ ಯಾವುದು?’ ಎಂದು ಕೇಳಿ. ಪಾಪ, ಅವರಿಗೆ ತರಗತಿ, ಮಧ್ಯಾಹ್ನದೂಟದ ಲೆಕ್ಕ, ಕಲೋತ್ಸವದ ತಾಲೀಮು ಎಲ್ಲ ತಲೆಮೇಲೆ. ಹೆಚ್ಚಿನ ಕಡೆ ಸಿಗುವ ಉತ್ತರ ‘ಗಂಟುಗಳು’. ಸ್ಕೌಟಿನ ‘ಪ್ರವೇಶ’ ಹಂತ ಮುಗಿದ ಮೇಲೆ ಬರುವ ‘ಪ್ರಥಮ ಸೋಪಾನ’ ಹಂತದಲ್ಲಿ ರೀಫ್ ನಾಟ್, ಶೀಟ್ ಬೆಂಡ್, ಕ್ಲೋವ್ ಹಿಚ್, ಬೋಲೈನ್ ಎಲ್ಲ ಇವೆ. ಮಕ್ಕಳು ಪರೀಕ್ಷೆಗೆಂದು ಬಾಯಿಪಾಠ ಮಾಡಿರುತ್ತಾರೆ, ಮಾರನೆ ವಾರ ಮರೆತಿರುತ್ತಾರೆ. ಕೆಲವರು ಎಸ್ಸೆಸ್ಸೆಲ್ಸಿಯ ಗ್ರೇಸ್ ಮಾರ್ಕಿಗಾಗಿಯೇ ಸೇರಿರುತ್ತಾರೆ. ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ, ಬಂದವರು ಬಂದಂತೆ.

ಊರಿನ ಶಾಲೆಯಲ್ಲಿ ದಳ ಇಲ್ಲದಿದ್ದರೆ ಗ್ರಂಥಾಲಯದ ಮಕ್ಕಳ ಕೂಟವಾದ ಬಾಲವೇದಿ, ಹೈಯರ್ ಸೆಕೆಂಡರಿಯ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ), 2010ರಲ್ಲಿ ಕೇರಳದಲ್ಲಿ ಶುರುವಾದ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಇವೆ. ವಿಚಾರಿಸಿ ನೋಡಿ.

ಗಂಟು ಕಲಿಸುವುದಾದರೆ ಕೆಲಸ ಕೊಟ್ಟು ಕಲಿಸಿ. ಹಲಗೆಗೆ ಹಗ್ಗ ಅಂಟಿಸಿದ ಚಾರ್ಟಿನಿಂದ ಯಾರಿಗೂ ಗಂಟು ಬಂದದ್ದು ನಾನು ಕಂಡಿಲ್ಲ. ಹಸುವಿನ ಕೊರಳಿಗೆ ಹಾಕಿದ ಕುಣಿಕೆ ಎಳೆದಷ್ಟೂ ಬಿಗಿಯಬಾರದು, ಅಲ್ಲಿಗೆ ಬೋಲೈನ್. ಬಾವಿಯ ದಪ್ಪ ಹಗ್ಗಕ್ಕೆ ಸಪೂರ ಹಗ್ಗ ಜೋಡಿಸಬೇಕು, ಅಲ್ಲಿ ರೀಫ್ ನಾಟ್ ಜಾರುತ್ತದೆ, ಶೀಟ್ ಬೆಂಡ್ ಹಿಡಿಯುತ್ತದೆ. ಎರಡನ್ನೂ ಕಟ್ಟಿ ಎಳೆದು ನೋಡಲು ಹೇಳಿ, ಯಾಕೆ ಎಂದು ಅವರೇ ವಾದ ಮಾಡುತ್ತಾರೆ. ಹೊಸ ನೈಲಾನ್ ಹಗ್ಗ ಕಲಿಯುವ ಕೈಗೆ ಜಾರುತ್ತದೆ, ತೆಂಗಿನ ನಾರಿನ ಹಗ್ಗ ಗಂಟನ್ನು ಹಿಡಿದುಕೊಳ್ಳುತ್ತದೆ. ಶುರುವಿಗೆ ಅದೇ ಇರಲಿ, ತಲೆಗೊಂದು ತುಂಡು.

ಒಂದು ಶನಿವಾರ ಎರಡು ಕಂಗುಗಳ (ಅಡಿಕೆ ಮರಗಳ) ನಡುವೆ ಟರ್ಪಾಲು ಕಟ್ಟುವ ಕೆಲಸ ಕೊಟ್ಟಿದ್ದೆವು. ಹಳೆಯ ಟರ್ಪಾಲು, ಮೂಲೆಯ ತೂತು ಹರಿದುಹೋಗಿತ್ತು. ದೊಡ್ಡ ಹುಡುಗರು ಹೊಸ ತೂತು ಕೊರೆಯಲು ಚಾಕು ಹುಡುಕುತ್ತಿದ್ದರು. ಏಳನೆಯ ತರಗತಿಯ ಹುಡುಗಿಯೊಬ್ಬಳು ಏನೂ ಹೇಳದೆ ನೆಲದಿಂದ ನೆಲ್ಲಿಕಾಯಿ ಗಾತ್ರದ ಕಲ್ಲು ಹೆಕ್ಕಿ, ಟರ್ಪಾಲಿನ ಮೂಲೆಯಲ್ಲಿಟ್ಟು ಮಡಚಿ, ಕಲ್ಲಿನ ಕೆಳಗೆ ಕತ್ತಿನ ಹಾಗಾದ ಜಾಗಕ್ಕೆ ಹಗ್ಗ ಸುತ್ತಿ ಬಿಗಿದಳು. ತೂತೇ ಬೇಕಾಗಲಿಲ್ಲ. ಅಂಗಳದಲ್ಲಿ ಒಣಹಾಕಿದ ಅಡಿಕೆಗೆ ಮಳೆ ಬಂದಾಗ ಅವರ ಮನೆಯಲ್ಲಿ ಕಟ್ಟುವುದೇ ಹಾಗೆ. ಆ ದಿನ ಉಳಿದವರಿಗೆ ಕಲಿಸಿದ್ದು ಅವಳು. ಇಂಥ ಮಕ್ಕಳು ಪ್ರತಿ ದಳದಲ್ಲೂ ಇರುತ್ತಾರೆ. ತೋಟದ ಮನೆಯವರಿಗೆ ಕತ್ತಿ ಹಿಡಿಯುವುದು ಗೊತ್ತು, ಹೊಳೆಕರೆಯವರಿಗೆ ನೀರಿನ ಬಣ್ಣ ನೋಡಿ ಮೇಲೆ ಮಳೆಯಾಗಿದೆಯೆಂದು ಗೊತ್ತು, ಪೇಟೆಯ ಮಕ್ಕಳಿಗೆ ನಕ್ಷೆ ಓದುವುದು ಬೇಗ ಬರುತ್ತದೆ. ನೀವು ಬಾಯಿ ತೆರೆಯುವ ಮೊದಲು ಯಾರಿಗೆ ಏನು ಬರುತ್ತದೆಂದು ಕೇಳಿಕೊಳ್ಳಿ. ಅರ್ಧ ಪಾಠ ಅಲ್ಲೇ ಸಿಗುತ್ತದೆ.

ದಿಕ್ಕು ಕಂಡುಹಿಡಿಯುವ ಪಾಠದಲ್ಲಿ ಮಾತ್ರ ಪುಸ್ತಕವನ್ನು ಕಣ್ಣುಮುಚ್ಚಿ ನಂಬಬೇಡಿ. ಇಂಗ್ಲೆಂಡಿನ ಆಕಾಶ ನೋಡಿ ಬರೆದದ್ದು ನಮಗೆ ಹೊಂದುವುದಿಲ್ಲ. ‘ಮಧ್ಯಾಹ್ನದ ನೆರಳು ಉತ್ತರಕ್ಕೆ’ ಎಂದು ಎಷ್ಟೋ ಕಡೆ ಇದೆ. ಕಾಸರಗೋಡು ಇರುವುದು ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು ಉತ್ತರಕ್ಕೆ ದಾಟುತ್ತಾನೆ, ಆಗಸ್ಟ್ ಮೂರನೆಯ ವಾರದಲ್ಲಿ ವಾಪಸು ಬರುತ್ತಾನೆ. ನಡುವಿನ ತಿಂಗಳುಗಳಲ್ಲಿ ನಮ್ಮ ಮಧ್ಯಾಹ್ನದ ನೆರಳು ಬೀಳುವುದು ದಕ್ಷಿಣಕ್ಕೆ! ಜೂನ್ ತಿಂಗಳ ಒಂದು ಬಿಸಿಲಿನ ದಿನ ಸಿಕ್ಕಿದರೆ ಮೈದಾನದಲ್ಲಿ ಕೋಲು ನೆಟ್ಟು ತೋರಿಸಿ, ಮಕ್ಕಳು ಹೌಹಾರುತ್ತಾರೆ. ಗಡಿಯಾರದ ಹನ್ನೆರಡು ಗಂಟೆಯೂ ಇಲ್ಲಿ ಮಧ್ಯಾಹ್ನವಲ್ಲ. ಭಾರತದ ಸಮಯ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು, ನಾವಿರುವುದು 75ರ ಆಸುಪಾಸು. ಹಾಗಾಗಿ ಸೂರ್ಯ ತುತ್ತತುದಿಗೆ ಬರುವಾಗ ಸುಮಾರು ಹನ್ನೆರಡೂವರೆ ಆಗಿರುತ್ತದೆ. ಕೈಗಡಿಯಾರದ ಮುಳ್ಳನ್ನು ಸೂರ್ಯನ ಕಡೆ ತಿರುಗಿಸಿ ದಿಕ್ಕು ಹೇಳುವ ವಿದ್ಯೆಯನ್ನು ನಮ್ಮಲ್ಲಿ ಕಲಿಸದಿರುವುದೇ ಒಳ್ಳೆಯದು. ಕೋಲಿನ ನೆರಳಿನ ತುದಿಗೆ ಒಂದು ಕಲ್ಲಿಟ್ಟು, ಕಾಲು ಗಂಟೆ ಬಿಟ್ಟು ಇನ್ನೊಂದು ಕಲ್ಲಿಡಿ. ಮೊದಲ ಕಲ್ಲು ಪಶ್ಚಿಮ, ಎರಡನೆಯದು ಪೂರ್ವ. ಮಧ್ಯಾಹ್ನದ ಹತ್ತಿರ ಮಾಡಿದರೆ ಲೆಕ್ಕ ಹೆಚ್ಚು ಸರಿ ಬರುತ್ತದೆ.

ಧ್ರುವ ನಕ್ಷತ್ರವೂ ಹಾಗೆಯೇ. ಇಲ್ಲಿ ಅದು ದಿಗಂತದಿಂದ ಹನ್ನೆರಡೂವರೆ ಡಿಗ್ರಿ ಮೇಲೆ ಅಷ್ಟೆ, ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿಗಿಂತ ಸ್ವಲ್ಪ ಹೆಚ್ಚು. ಉತ್ತರಕ್ಕೆ ತೆಂಗಿನ ತೋಟವಿದ್ದರೆ ಮುಗಿಯಿತು. ಡಿಸೆಂಬರ್ ರಜೆಯ ಶಿಬಿರದಲ್ಲಿ ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜವನ್ನು ತೋರಿಸಿ. ಆ ವ್ಯಾಧನ ಸೊಂಟಪಟ್ಟಿಯ ಮೂರು ನಕ್ಷತ್ರಗಳ ಸಾಲು ಹೆಚ್ಚುಕಡಿಮೆ ನೇರ ಪೂರ್ವದಲ್ಲಿ ಹುಟ್ಟಿ ನೇರ ಪಶ್ಚಿಮದಲ್ಲಿ ಮುಳುಗುತ್ತದೆ.

ಇನ್ನು ಸಿಡಿಲು. ಹೊರಗಿನಿಂದ ಬಂದವರು ಇದನ್ನು ಲಘುವಾಗಿ ತೆಗೆದುಕೊಳ್ಳುತ್ತಾರೆ, ಹಾಗಾಗಿ ಸ್ವಲ್ಪ ಖಡಕ್ಕಾಗಿಯೇ ಹೇಳುತ್ತೇನೆ. ನಮ್ಮ ಮುರಕಲ್ಲಿನ ಪದವುಗಳು, ಅಂದರೆ ಗುಡ್ಡೆಯ ಮೇಲಿನ ಸಮತಟ್ಟು ಬಯಲುಗಳು, ಶಿಬಿರಕ್ಕೆ ಹೇಳಿ ಮಾಡಿಸಿದ ಜಾಗದಂತೆ ಕಾಣುತ್ತವೆ: ಬಯಲು, ಗಾಳಿ, ದೂರದಲ್ಲಿ ಸಮುದ್ರ. ಆದರೆ ಆ ಬಯಲಿನಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ನಿಮ್ಮ ಮಕ್ಕಳೇ. ಪೊಸಡಿಗುಂಪೆ ಗುಡ್ಡೆಯ ತುದಿಗೂ ಇದೇ ಮಾತು. ಏಪ್ರಿಲ್-ಮೇಯಲ್ಲಿ, ಮತ್ತೆ ತುಲಾ ಮಳೆಯ ಅಕ್ಟೋಬರ್-ನವೆಂಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಕಟ್ಟುತ್ತದೆ. ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ಎಚ್ಚರ ಎಂದು ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಪದೇಪದೇ ಹೇಳುವುದು ಸುಮ್ಮನೆ ಅಲ್ಲ. ಆ ತಿಂಗಳುಗಳಲ್ಲಿ ಗುಡ್ಡೆ ಹತ್ತುವುದಿದ್ದರೆ ಬೆಳಿಗ್ಗೆ ಹತ್ತಿ, ಊಟದ ಹೊತ್ತಿಗೆ ಶಾಲೆ ಸೇರಿಬಿಡಿ. ಮಿಂಚು ಕಂಡು ಮೂವತ್ತು ಎಣಿಸುವಷ್ಟರಲ್ಲಿ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ, ಕಾಂಕ್ರೀಟ್ ಕಟ್ಟಡದೊಳಗೆ ಹೋಗಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬೇಡಿ. ಒಂಟಿ ಮರದ ಬುಡಕ್ಕಂತೂ ಬೇಡವೇ ಬೇಡ.

ಬೇಸಿಗೆಯಲ್ಲಿ ಅದೇ ಪದವಿನ ಮುಳಿಹುಲ್ಲು ಒಣಗಿ ನಿಂತಿರುತ್ತದೆ. ಕ್ಯಾಂಪ್‌ಫೈರ್ ಏನಿದ್ದರೂ ಶಾಲೆಯ ಅಂಗಳದಲ್ಲಿ, ಪಕ್ಕದಲ್ಲಿ ನೀರಿಟ್ಟುಕೊಂಡು. ಹೊಳೆಗೆ ಇಳಿಸುವುದು ಬೇಡ. ಸುಳ್ಯದ ಮೇಲೆ ಮಳೆ ಹೊಡೆದರೆ ಇಲ್ಲಿ ಬಿಸಿಲಿದ್ದರೂ ಪಯಸ್ವಿನಿ ಏರುತ್ತದೆ. ಅದರ ಬದಲು ದಡದಿಂದ ಹಗ್ಗ ಕಟ್ಟಿದ ಖಾಲಿ ಕ್ಯಾನನ್ನು ಗುರಿಯಿಟ್ಟು ಎಸೆಯುವುದನ್ನು ಮೈದಾನದಲ್ಲೇ ಕಲಿಸಿ. ಮುಳುಗುವವನನ್ನು ಹಿಡಿಯಲು ಹಾರಿ ಇನ್ನೊಬ್ಬನೂ ಹೋಗುವುದು ಅದರಿಂದ ತಪ್ಪುತ್ತದೆ. ಹಾವು ಕಚ್ಚಿದರೆ ಕೊಯ್ಯಬಾರದು, ಚೀಪಬಾರದು, ಬಿಗಿಯಾಗಿ ಕಟ್ಟಬಾರದು. ಕಚ್ಚಿದ ಭಾಗ ಅಲುಗಾಡದಂತೆ ನೋಡಿಕೊಂಡು ಆಸ್ಪತ್ರೆಗೆ ಓಡಿ. ವಿಷದ ಮದ್ದು ಯಾವ ಆಸ್ಪತ್ರೆಯಲ್ಲಿದೆ, ಯಾರ ವಾಹನ ಸಿಗುತ್ತದೆ ಎಂದು ಹೊರಡುವ ಮೊದಲೇ ಕೇಳಿಟ್ಟುಕೊಂಡಿರಬೇಕು.

ಇದೆಲ್ಲಕ್ಕಿಂತ ಮೊದಲು ಪಾಲಿಸಬೇಕಾದದ್ದು ಇನ್ನೊಂದಿದೆ. ಯಾವ ಮಗುವಿನ ಜೊತೆಯೂ ಒಬ್ಬರೇ ಇರಬೇಡಿ, ಗಂಟು ಹೇಳಿಕೊಡುವುದಕ್ಕೂ. ಬೈಕಿನಲ್ಲಿ ಒಂಟಿ ಮಗುವನ್ನು ಮನೆಗೆ ಬಿಡುವ ಉಪಕಾರ ಬೇಡ. ಹುಡುಗಿಯರಿದ್ದರೆ ಟೀಚರ್ ಇರಲೇಬೇಕು. ಫೋಟೋ ತೆಗೆದು ಸ್ಟೇಟಸ್ ಹಾಕುವ ಮೊದಲು ಶಾಲೆಯನ್ನು ಕೇಳಿ. ಹೊರಗೆ ಹೊರಡುವಾಗ ಹೆತ್ತವರ ಒಪ್ಪಿಗೆ ಕಾಗದದಲ್ಲೇ ಇರಲಿ, ವಾಟ್ಸಾಪಿನ ಹೆಬ್ಬೆರಳು ಸಾಲದು. ಮಗುವೊಂದು ಮನೆಯ ಅಥವಾ ಇನ್ನೆಲ್ಲಿಯದೋ ಕಿರುಕುಳ ಹೇಳಿಕೊಂಡರೆ ನೀವೇ ಪಂಚಾಯಿತಿಗೆ ಕೂರುವಂತಿಲ್ಲ. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಗೊತ್ತಾದವರೆಲ್ಲರೂ ವರದಿ ಮಾಡಲೇಬೇಕು. ಮಕ್ಕಳ ಸಹಾಯವಾಣಿ 1098.

ಮಲಯಾಳ ಬಾರದಿರುವುದು ಅಂಥ ತೊಡಕೇನಲ್ಲ. ಕುಂಬಳೆ ಕಡೆಯ ದಳದಲ್ಲಿ ಒಬ್ಬನ ಮನೆಮಾತು ತುಳು, ಇನ್ನೊಬ್ಬಳದ್ದು ಬ್ಯಾರಿ, ಮತ್ತೊಬ್ಬನದ್ದು ಹವ್ಯಕ. ಒಂದು ಮಗು ಇನ್ನೊಂದಕ್ಕೆ ತರ್ಜುಮೆ ಮಾಡುತ್ತಲೇ ಇರುತ್ತದೆ. ಕನ್ನಡ ಮಾಧ್ಯಮದ ಶಾಲೆಯನ್ನೇ ಆರಿಸಿಕೊಂಡರೆ ಇನ್ನೂ ಸಲೀಸು. ಒಂದೆರಡು ತಿಂಗಳಲ್ಲಿ ನಿಮ್ಮನ್ನೂ ‘ಮಾಷೇ’ ಎಂದು ಕರೆಯುತ್ತಾರೆ, ಕೌಂಟರಿನಲ್ಲಿ ಕೂತಾಗಲೂ.

ಕೇರಳದ ಶಾಲೆಗಳು ತೆರೆಯುವುದು ಜೂನ್ ಮೊದಲಿಗೆ. ಆ ವಾರ ಹೋಗಬೇಡಿ, ಪ್ರವೇಶೋತ್ಸವ, ಪುಸ್ತಕ ಹಂಚುವ ಗಡಿಬಿಡಿ. ಎರಡನೆಯ ಶನಿವಾರ ನಿಮಗೂ ರಜೆ, ಮುಖ್ಯೋಪಾಧ್ಯಾಯರು ಶಾಲೆಯಲ್ಲಿರುತ್ತಾರೋ ಎಂದು ಫೋನ್ ಮಾಡಿ ಕೇಳಿಕೊಂಡು ಹೋಗಿ. ಎರಡು ವಾರಕ್ಕೊಮ್ಮೆ ಬರುತ್ತೇನೆಂದು ಹೇಳಿ, ಪ್ರತಿ ವಾರದ ಮಾತು ಕೊಡಬೇಡಿ. ಬ್ಯಾಂಕಿನವರಿಗೆ ಮಾರ್ಚಿನಲ್ಲಿ ಪುರುಸೊತ್ತಿರುವುದಿಲ್ಲ ಎಂದೂ ಆಗಲೇ ಹೇಳಿಟ್ಟಿರಿ, ಮಕ್ಕಳಿಗೂ ಆಗ ಪರೀಕ್ಷೆ.